ಕ್ಲಸ್ಟರನ್ನು ಕಟ್ಟಿಹಾಕಿ ಮರೆತ ದಿನ

ನಾನು ಮದುವೆಯಾಗಿ ಜತ್ತದ ಕಡೆಯ ಗಡಿಹಳ್ಳಿ ಉಟಗಿಗೆ ಬಂದ ಮೊದಲ ವಾರದಲ್ಲೇ ನಮ್ಮ ಅತ್ತೆ ನನ್ನ ಲ್ಯಾಪ್‌ಟಾಪನ್ನು ಬಗ್ಗಿ ನೋಡಿ ಮರುಗಿದ್ದರು. ಕಪ್ಪು ಪರದೆ, ಅದರ ಮೇಲೆ ಬಿಳಿ ಅಕ್ಷರಗಳ ಸಾಲುಗಳು. ಚಿತ್ರವಿಲ್ಲ, ಬಣ್ಣವಿಲ್ಲ.

"ಇದು ಕೆಟ್ಟೈತೇನವಾ? ನಿಮ್ಮ ಕಂಪನಿಯವ್ರು ಚಲೋದು ಕೊಡಬೇಕಿತ್ತಲ್ಲ."

"ಕೆಟ್ಟಿಲ್ರಿ ಅತ್ಯಾರ. ನನ್ನ ಕೆಲಸನ ಹಿಂಗ ಇರ್ತೈತ್ರಿ."

ಅವರು ನಂಬಲಿಲ್ಲ. ಒಂದು ತಿಂಗಳು ನೆರೆಯವರಿಗೆಲ್ಲ, ಸೊಸೆಗೆ ಪುಣೆಯವರು ಹಳೆಯ ಮಷಿನ್ ಕೊಟ್ಟು ಕೈತೊಳೆದುಕೊಂಡಿದ್ದಾರೆಂದು ಹೇಳಿಕೊಂಡು ತಿರುಗಿದರು.

ಆದರೆ ಆ ಕಪ್ಪು ಪರದೆಯಿಂದಲೇ ನಾನು ಉಟಗಿಯಲ್ಲಿ ಉಳಿಯಲು ಸಾಧ್ಯವಾಗಿತ್ತು. ಜತ್ತದಲ್ಲಿ ಕಂಪ್ಯೂಟರ್ ಕ್ಲಾಸಿಗೆ ಹೋಗಿ, ನಾಲ್ಕು ವರ್ಷ ಪುಣೆಯ ಒಂದು ಕಂಪನಿಯಲ್ಲಿ ದುಡಿದು ನಾನು ಕಲಿತದ್ದು ಸರ್ವರ್ ಕಾಯುವ ಕೆಲಸ. ಮದುವೆ ನಿಶ್ಚಯವಾದಾಗ ರಾಜೀನಾಮೆ ಪತ್ರ ಬರೆದುಕೊಂಡು ಹೋಗಿದ್ದೆ. ನಮ್ಮ ತಂಡದ ಹಿರಿಯರು ಅದನ್ನು ಓದಿ ಮಡಚಿ ನನಗೇ ವಾಪಸು ಕೊಟ್ಟರು. "ನೀವು ಮಾಡೋದು ಬರೀ ಅಕ್ಷರದ ಕೆಲಸ. ಅಕ್ಷರ ಹಾದುಹೋಗೋಕೆ ಎಷ್ಟು ನೆಟ್‌ವರ್ಕ್ ಬೇಕು? ಅಲ್ಲಿಂದಲೇ ಮಾಡಿ" ಎಂದು ಮರಾಠಿಯಲ್ಲಿ ಹೇಳಿದರು. ಅವರ ಮಾತು ನಿಜವಾಯಿತು. ವಿಡಿಯೋ ಕಾಲ್ ಮಾಡಿದರೆ ಎದುರಿನವರ ಮುಖ ಚೂರುಚೂರಾಗುವ ನಮ್ಮೂರಿನ ನೆಟ್‌ವರ್ಕಿನಲ್ಲಿ ಕಮಾಂಡ್ ಲೈನ್ ಮಾತ್ರ ಸಲೀಸಾಗಿ ನಡೆಯುತ್ತಿತ್ತು. ಒಂದು ಸಾಲು ಆದೇಶ ಟೈಪ್ ಮಾಡಿದರೆ ಪುಣೆಯ ಯಂತ್ರದಿಂದ ಹತ್ತು ಸಾಲು ಉತ್ತರ ಬರುತ್ತಿತ್ತು.

ನಾನು ಕಾಯುತ್ತಿದ್ದುದು ಹಲವು ಆಸ್ಪತ್ರೆಗಳ ರಕ್ತಪರೀಕ್ಷೆಯ ವರದಿಗಳನ್ನು ಇಟ್ಟುಕೊಂಡಿದ್ದ ಮೂರು ಸರ್ವರ್‌ಗಳ ಒಂದು ಗುಂಪನ್ನು. ಅದಕ್ಕೆ ನಮ್ಮ ಕಡೆ ಕ್ಲಸ್ಟರ್ ಅನ್ನುತ್ತಾರೆ. ಮೊದಲನೆಯದು ಕೆಲಸ ಮಾಡುತ್ತದೆ, ಎರಡನೆಯದು ಅದೇ ಮಾಹಿತಿಯ ನಕಲು ಇಟ್ಟುಕೊಂಡು ಸಿದ್ಧವಾಗಿ ನಿಂತಿರುತ್ತದೆ. ಇಬ್ಬರಲ್ಲಿ ಯಾರು ಮುಂದಾಳು ಎಂಬ ತಕರಾರು ಬಂದರೆ ಮೂರನೆಯದು ಮತ ಹಾಕುತ್ತದೆ. ಮೊದಲನೆಯದು ಬಿದ್ದರೆ ಎರಡನೆಯದು ಅರ್ಧ ನಿಮಿಷದಲ್ಲಿ ಎದ್ದು ಕೆಲಸ ವಹಿಸಿಕೊಳ್ಳುತ್ತದೆ. ಆಸ್ಪತ್ರೆಯಲ್ಲಿ ಕುಳಿತವರಿಗೆ ಅದು ಗೊತ್ತೂ ಆಗುವುದಿಲ್ಲ.

ಒಂದು ಮಂಗಳವಾರ ಮೊದಲನೆಯ ಸರ್ವರಿನ ಡಿಸ್ಕ್ ಬದಲಾಯಿಸುವುದಿತ್ತು. ಬೆಳಗ್ಗೆ, ಸಂಜೆ ವರದಿಗಳ ಗದ್ದಲ ಹೆಚ್ಚು, ಮಧ್ಯಾಹ್ನ ಕಡಿಮೆ. ಹಾಗಾಗಿ ಎರಡೂವರೆಗೆ ಪುಣೆಯಲ್ಲಿ ನಮ್ಮ ಕಂಪನಿಯ ಟೆಕ್ನಿಷಿಯನ್ ಯಂತ್ರದ ಮುಂದೆ ನಿಂತು ವೈರ್ ಕಿತ್ತು ಡಿಸ್ಕ್ ತೆಗೆಯುವುದು, ಅದಕ್ಕೆ ಮೊದಲು ನಾನು ಕೆಲಸವನ್ನೆಲ್ಲ ಎರಡನೆಯದಕ್ಕೆ ಸಾಗಿಸಿ ಮೊದಲನೆಯದನ್ನು ಖಾಲಿ ಮಾಡಿಕೊಡುವುದು ಎಂದು ನಿಗದಿಯಾಗಿತ್ತು. ಇಂಥ ಕೆಲಸವನ್ನು ನಾನು ಎಷ್ಟೋ ಸಲ ಮಾಡಿದ್ದೆ.

ಅಂದು ಹನ್ನೆರಡಕ್ಕೆ ಕರೆಂಟ್ ಹೋಯಿತು. ಒಂದಕ್ಕೆ ಊರಿನ ಟವರ್ ಕೂಡ ಸತ್ತಿತು. ಫೋನಿನಲ್ಲಿ ಸಿಗ್ನಲ್ಲಿನ ಒಂದು ಕಡ್ಡಿಯೂ ಇಲ್ಲ. ನಾನು ಅಷ್ಟೇನೂ ಗಾಬರಿಯಾಗಲಿಲ್ಲ. ನಾನು ಇಲ್ಲದಿದ್ದರೂ, ಅವನು ವೈರ್ ಕಿತ್ತರೂ ಕ್ಲಸ್ಟರ್ ತಾನೇ ನೋಡಿಕೊಳ್ಳುತ್ತದೆ, ಅದಕ್ಕೇ ತಾನೆ ಅದನ್ನು ಕಟ್ಟಿದ್ದು ಎಂದುಕೊಂಡು ಊಟಕ್ಕೆ ಕುಳಿತೆ. ರೊಟ್ಟಿ, ಹೆಸರಕಾಳಿನ ಪಲ್ಲೆ, ಶೇಂಗಾ ಹಿಂಡಿ. ಅತ್ತೆ ಮತ್ತೊಂದು ರೊಟ್ಟಿ ಹಾಕುತ್ತ ಅಂದರು:

"ನಾಯಿನ ನಾನ ಬಿಚ್ಚಿದೆ ನೋಡು. ನಿನ್ನಿ ಬೀಗರು ಬಂದಾಗ ನೀ ಕಟ್ಟಿದ್ದಿ, ಬಿಚ್ಚೂದ ಮರತಬಿಟ್ಟಿದ್ದಿ. ಕುರಿಹಟ್ಟ್ಯಾಗ ಯಾರರ ಬಂದಿದ್ರ ಪಾಪ ಅದೇನ್ ಮಾಡ್ತಿತ್ತು? ಕುಂತ ನೋಡ್ತಿತ್ತು, ಅಷ್ಟ."

ನನ್ನ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು.

ಹಿಂದಿನ ದಿನ ಬಾಲಗಾಂವದ ಬೀಗರು ಬರುವ ಹೊತ್ತಿಗೆ ನಾನು ಕ್ಲಸ್ಟರಿನ ಸಾಫ್ಟ್‌ವೇರ್ ಹೊಸದು ಮಾಡುತ್ತಿದ್ದೆ. ಹಾಗೆ ಮಾಡುವಾಗ ಅದನ್ನು ಮೇಂಟೆನೆನ್ಸ್ ಮೋಡಿನಲ್ಲಿ ಇಡುತ್ತೇವೆ. ಅಂದರೆ, ಏನೇ ಆದರೂ ಸುಮ್ಮನೆ ನೋಡು, ಕೈ ಹಚ್ಚಬೇಡ ಎಂದು ಹೇಳಿ ಕೂರಿಸುತ್ತೇವೆ. ಕೆಲಸ ಮುಗಿಯಿತು, ಅಂಗಳದಲ್ಲಿ ಬೀಗರ ದನಿ ಕೇಳಿತು, ನಾಯಿ ಕಟ್ಟಲು ಓಡಿದೆ. ಬಂದು ಲ್ಯಾಪ್‌ಟಾಪ್ ಮುಚ್ಚಿದೆ. ಕ್ಲಸ್ಟರನ್ನು ಆ ಸ್ಥಿತಿಯಿಂದ ಬಿಡಿಸಿರಲಿಲ್ಲ. ಎಲ್ಲವೂ ಸರಿಯಾಗಿಯೇ ನಡೆಯುತ್ತಿದ್ದುದರಿಂದ ಬೆಳಗ್ಗೆ ಎಚ್ಚರಿಕೆಯ ಸಂದೇಶವೂ ಬಂದಿರಲಿಲ್ಲ. ಈಗ ಟೆಕ್ನಿಷಿಯನ್ ವೈರ್ ಕಿತ್ತರೆ ಎರಡನೆಯ ಸರ್ವರ್ ಕೈಕಟ್ಟಿ ನೋಡುತ್ತ ನಿಲ್ಲುತ್ತಿತ್ತು. ಅಷ್ಟೂ ಆಸ್ಪತ್ರೆಗಳ ವರದಿಗಳು ನಿಲ್ಲುತ್ತಿದ್ದವು.

ಗಡಿಯಾರ ನೋಡಿದೆ. ಒಂದು ಇಪ್ಪತ್ತು. ನನ್ನವರು ದರಿಬಡಚಿಯ ಕನ್ನಡ ಶಾಲೆಯಲ್ಲಿ ಮಾಸ್ತರು. ಮನೆಯಲ್ಲಿದ್ದ ಒಂದೇ ಬೈಕನ್ನು ಅವರು ಬೆಳಗ್ಗೆಯೇ ತೆಗೆದುಕೊಂಡು ಹೋಗಿದ್ದರು. ಲ್ಯಾಪ್‌ಟಾಪನ್ನು ಸಂತೆಯ ಚೀಲಕ್ಕೆ ತುರುಕಿದೆ.

"ಉಂಡರ ಹೋಗ" ಅಂದರು ಅತ್ತೆ.

"ಒಂದ್ ಕಟ್ಟಿಹಾಕಿದ್ದು ಬಿಚ್ಚೂದೈತ್ರಿ, ಪುಣ್ಯಾದಾಗ."

ಅವರಿಗೆ ಏನು ಅರ್ಥವಾಯಿತೋ, ಉಳಿದ ರೊಟ್ಟಿಯನ್ನು ಸುತ್ತಿ ಚೀಲಕ್ಕೆ ಹಾಕಿಯೇ ಕಳಿಸಿದರು.

ನಿಲ್ದಾಣದಲ್ಲಿ ಒಂದು ಜೀಪು ನಿಂತಿತ್ತು. ಎಂಟು ಮಂದಿ ಕುಳಿತಿದ್ದರು. ಇನ್ನೂ ನಾಲ್ವರು ಬಂದರೆ ಬಿಡುತ್ತೇನೆ ಅಂದ ಚಾಲಕ. ಹದಿನೈದು ನಿಮಿಷ ಕಾದರೂ ಒಬ್ಬರೇ ಬಂದರು. ಅಷ್ಟರಲ್ಲಿ ಜತ್ತಕ್ಕೆ ಹೋಗುವ ಸರ್ಕಾರಿ ಎಸ್‌ಟಿ ಬಸ್ಸು ಬಂತು. ಹತ್ತಿದೆ. ಕಿಟಕಿಯ ಪಕ್ಕ ಕುಳಿತು ಫೋನನ್ನೇ ನೋಡುತ್ತಿದ್ದೆ. ಒಂದು ಊರು ದಾಟಿತು, ಕಡ್ಡಿ ಇಲ್ಲ. ಇನ್ನೊಂದು ಊರು ದಾಟಿತು, ಇಲ್ಲ. ಎರಡು ಗಂಟೆ ಹನ್ನೆರಡು ನಿಮಿಷಕ್ಕೆ ಬಸ್ಸು ಒಂದು ದಿನ್ನೆ ಏರಿದಾಗ ಎರಡು ಕಡ್ಡಿ ಮೂಡಿದವು. ದಿನ್ನೆ ಇಳಿದರೆ ಮತ್ತೆ ಹೋಗುತ್ತವೆಂದು ನನಗೆ ಗೊತ್ತಿತ್ತು. ಎದ್ದು ನಿಂತೆ.

"ಕಂಡಕ್ಟರ್ ಸಾಹೇಬ್ರ, ಇಲ್ಲಿ ಒಂದ್ ಐದು ಮಿನಿಟ್ ಗಾಡಿ ನಿಂದರಸ್ತೀರೇನ್ರಿ?"

"ಇಲ್ಲಿ ಸ್ಟಾಪ್ ಇಲ್ಲ ಬಾಯಾರ. ಏನು, ಮೈಯಾಗ ಆರಾಮಿಲ್ಲೇನ್ರಿ?"

"ನಾ ಆರಾಮ ಅದೀನ್ರಿ. ದವಾಖಾನಿಯವ್ರ ರಿಪೋರ್ಟ್ ಬಂದ್ ಬೀಳೂದೈತ್ರಿ. ನಂದ ತಪ್ಪು. ಇಲ್ಲಿ ರೇಂಜ್ ಐತಿ, ಕೆಳಗ ಇಳಿದ್ರ ಹೋಗ್ತೈತ್ರಿ."

ಅವರು ನನ್ನನ್ನು, ನನ್ನ ಸಂತೆಯ ಚೀಲವನ್ನು, ಅದರಿಂದ ಹೊರಬರುತ್ತಿದ್ದ ಲ್ಯಾಪ್‌ಟಾಪನ್ನು ಒಂದು ಸಲ ನೋಡಿದರು. ಗಂಟೆ ಬಾರಿಸಿದರು. ಬಸ್ಸು ನಿಂತಿತು. ಚಾಲಕ ಹಿಂತಿರುಗಿ ನೋಡಿದಾಗ, "ದವಾಖಾನಿ ಕೆಲಸ ಐತಿ, ಎಂಜಿನ್ ಬಂದ್ ಮಾಡಪಾ" ಅಂದರು.

ಮೊದಲು ಟೆಕ್ನಿಷಿಯನ್‌ಗೆ ಕರೆ ಮಾಡಿದೆ, ಎಂಗೇಜ್ ಬಂತು. ಕಾಯದೆ ಫೋನಿನಿಂದ ಲ್ಯಾಪ್‌ಟಾಪಿಗೆ ನೆಟ್ ಕೊಟ್ಟೆ. ಫೋನು ತೊಡೆಯ ಮೇಲಿದ್ದರೆ ಕಡ್ಡಿಗಳು ಹೋಗುತ್ತಿದ್ದವು, ಕಿಟಕಿಯಾಚೆ ಹಿಡಿದರೆ ಬರುತ್ತಿದ್ದವು. ಒಂದು ಕೈಯಲ್ಲಿ ಫೋನು ಹಿಡಿದು ಇನ್ನೊಂದರಲ್ಲಿ ಟೈಪ್ ಮಾಡುವುದನ್ನು ನೋಡಿ, ಹಿಂದಿನ ಸೀಟಿನಲ್ಲಿದ್ದ ರುಮಾಲಿನ ಕುರುಬರ ಅಜ್ಜ ಕೈ ಚಾಚಿದರು.

"ಇಲ್ಲಿ ತಾ ತಂಗಿ. ನನ್ನ ಕೈ ಉದ್ದ ಅದಾವ."

ನಿಜವಾಗಿಯೂ ಉದ್ದವಿದ್ದವು. ಅವರು ತಮ್ಮ ಕಿಟಕಿಯಿಂದ ಭುಜದ ತನಕ ಕೈ ಹೊರಹಾಕಿ ಫೋನನ್ನು ಎತ್ತಿ ಹಿಡಿದರು.

"ಯಾರರ ಫೋನ್ ಮಾಡಿದ್ರ ಏನ್ ಹೇಳ್ಲಿ?"

"ಎತ್ತಬ್ಯಾಡ್ರಿ ಅಜ್ಜಾ. ಎತ್ತಿದ್ರ ನನ್ನ ಕೆಲಸ ಕೆಡ್ತೈತಿ."

ಪುಣೆಯ ಸರ್ವರಿಗೆ ಒಳಹೊಕ್ಕಾಗ ಎರಡು ಗಂಟೆ ಹದಿನೇಳು. ಅಕ್ಷರಗಳು ಒಂದೊಂದಾಗಿ ಬರುತ್ತಿದ್ದವು. ಸ್ಥಿತಿ ತಿಳಿಸು ಎಂದು ಕೇಳಿದೆ. ಮೂರೂ ಯಂತ್ರಗಳು ಬದುಕಿದ್ದವು, ಕೆಲಸ ಮೊದಲನೆಯದರಲ್ಲೇ ನಡೆದಿತ್ತು, ಪ್ರತಿ ಸಾಲಿನ ಕೊನೆಯಲ್ಲೂ ತಾನು ಕೈ ಹಚ್ಚಿಲ್ಲ ಎಂದು ಕ್ಲಸ್ಟರ್ ಪ್ರಾಮಾಣಿಕವಾಗಿ ಬರೆದುಕೊಂಡಿತ್ತು. ನಾಚಿಕೆಯಾಯಿತು. ಮೇಂಟೆನೆನ್ಸ್ ಮೋಡ್ ತೆಗೆಯುವ ಒಂದು ಸಾಲು ಹೊಡೆದೆ. ಮತ್ತೆ ಸ್ಥಿತಿ ಕೇಳಿದೆ. ಬಿಚ್ಚಿಕೊಂಡಿತ್ತು.

ಮುಂದಿನ ಸಾಲನ್ನು ಎರಡು ಸಲ ಓದಿದೆ, ಏಕೆಂದರೆ ಅದರಲ್ಲಿ ಯಂತ್ರದ ಹೆಸರು ತಪ್ಪಿದರೆ ಸಿದ್ಧವಾಗಿ ನಿಂತಿದ್ದ ಯಂತ್ರವನ್ನೇ ಬದಿಗೆ ಸರಿಸಿದಂತಾಗುತ್ತದೆ. ಮೊದಲನೆಯದು ಕೆಲಸ ಬಿಟ್ಟು ಪಕ್ಕಕ್ಕೆ ನಿಲ್ಲಲಿ ಎಂಬ ಆದೇಶ. ಹೊಡೆದೆ. ಪರದೆ ಅಲ್ಲಿಗೇ ನಿಂತುಬಿಟ್ಟಿತು. ಕೀ ಒತ್ತಿದರೆ ಅಕ್ಷರ ಮೂಡಲಿಲ್ಲ.

"ಅಜ್ಜಾ, ಫೋನ್ ಸ್ವಲ್ಪ ಮ್ಯಾಲ."

"ಇದಕ್ಕಿಂತ ಮ್ಯಾಲ ಹೋಗಬೇಕಂದ್ರ ನಾನ ಬಸ್ಸಿನ ಟಪ್ಪಿನ ಮ್ಯಾಲ ಹತ್ತಬೇಕವಾ."

ಪಕ್ಕದ ಸೀಟಿನ ಹೆಣ್ಣುಮಗಳೊಬ್ಬಳು ತನ್ನ ಕೋಳಿ ಕೂಗದಂತೆ ಅದರ ಕೊಕ್ಕನ್ನು ಮೆಲ್ಲಗೆ ಒತ್ತಿ ಹಿಡಿದಿದ್ದಳು. ಆದೇಶ ತಲುಪಿದ್ದರೆ ನನ್ನ ಸಂಪರ್ಕ ಹರಿದರೂ ಕ್ಲಸ್ಟರ್ ತನ್ನಷ್ಟಕ್ಕೆ ಕೆಲಸ ಮುಗಿಸುತ್ತದೆ. ತಲುಪದಿದ್ದರೆ ಏನೂ ಆಗಿರುವುದಿಲ್ಲ. ಯಾವುದೆಂದು ಗೊತ್ತಾಗಲು ಮತ್ತೆ ಒಳಗೆ ಹೋಗಬೇಕು. ಒಂದು ಸಲ ಪ್ರಯತ್ನಿಸಿದೆ, ಆಗಲಿಲ್ಲ. ಎರಡನೆಯ ಸಲಕ್ಕೆ ಬಾಗಿಲು ತೆರೆಯಿತು. ಡೇಟಾಬೇಸ್ ಎರಡನೆಯದರ ಮೇಲೆ. ವರದಿ ಕಳಿಸುವ ಸೇವೆ ಎರಡನೆಯದರ ಮೇಲೆ. ಆಸ್ಪತ್ರೆಗಳು ಹುಡುಕಿಕೊಂಡು ಬರುವ ವಿಳಾಸವೂ ಅಲ್ಲಿಗೇ ಸರಿದಿತ್ತು. ಮೊದಲನೆಯದು ಖಾಲಿ. ಅದನ್ನು ಪೂರ್ತಿ ಬಂದ್ ಮಾಡಿ ಗಡಿಯಾರ ನೋಡಿದರೆ ಎರಡು ಇಪ್ಪತ್ತಾರು.

"ಆತ್ರಿ" ಅಂದೆ. ಅಷ್ಟು ಸಣ್ಣ ದನಿಯಲ್ಲಿ ಅಂದರೂ ಇಡೀ ಬಸ್ಸಿಗೆ ಕೇಳಿಸಿತು.

ಫೋನು ವಾಪಸು ಪಡೆದು ಟೆಕ್ನಿಷಿಯನ್‌ಗೆ ಮತ್ತೆ ಕರೆ ಮಾಡಿದೆ. ಯಂತ್ರ ಖಾಲಿಯಾಗಿದೆ, ಈಗ ವೈರ್ ತೆಗೆಯಬಹುದು ಎಂದೆ.

"ಮೇಡಂ, ಮುಕ್ಕಾಲು ಗಂಟೆಯಿಂದ ನಿಮಗೇ ಫೋನ್ ಮಾಡ್ತಿದ್ದೀನಿ" ಎಂದ ಆತ ಮರಾಠಿಯಲ್ಲಿ. "ಹತ್ತುತ್ತಿರಲಿಲ್ಲ. ಕ್ಯಾಂಟೀನಿನಲ್ಲಿ ಕೂತಿದ್ದೀನಿ."

"ಎರಡೂವರೆಗೆ ವೈರ್ ಕೀಳೋದಿತ್ತಲ್ಲ?"

"ನೀವು ಹೂಂ ಅನ್ನದೆ ನಾನು ವೈರಿಗೆ ಕೈ ಹಾಕ್ತೀನಾ? ನನಗೇನು ಹುಚ್ಚೇ?"

ನಗು ತಡೆಯಲಾಗಲಿಲ್ಲ. ನಾನು ಊಟ ಬಿಟ್ಟು ಓಡಿಬಂದದ್ದು, ಬಸ್ಸು ನಿಂತದ್ದು, ಅಜ್ಜನ ತೋಳು ನೊಂದದ್ದು, ಅಷ್ಟೂ ಹೊತ್ತು ಆತ ಚಹಾ ಕುಡಿಯುತ್ತ ಕುಳಿತಿದ್ದ. ಕಂಡಕ್ಟರಿಗೆ ಹೇಳಿದೆ. ಅವರು ಮುಂದೆ ಚಾಲಕನಿಗೆ ಹೇಳಿದರು. ಹಾಗೆ ಸುದ್ದಿ ಒಂದೊಂದೇ ಸೀಟು ದಾಟುತ್ತ ಹೋಗಿ ಬಸ್ಸೆಲ್ಲ ನಕ್ಕಿತು. ಅಜ್ಜ ಮಾತ್ರ ನಗದೆ ತೋಳು ತಿಕ್ಕಿಕೊಳ್ಳುತ್ತ ಹೇಳಿದರು:

"ಚಲೋ ಮನಷ್ಯಾ ಅದಾನ ಅಂವ. ಕೇಳದ ಕೈ ಹಚ್ಚಲಿಲ್ಲ ನೋಡು."

ಅವರು ಹೇಳಿದ್ದು ಸರಿ ಎನಿಸಿತು. ಅತ್ತೆ ಕಟ್ಟಿಕೊಟ್ಟ ರೊಟ್ಟಿಯನ್ನು ಅಜ್ಜನೂ ನಾನೂ ಅರ್ಧರ್ಧ ತಿಂದೆವು. ಬಸ್ಸು ಹೊರಟಿತು. ಜತ್ತದ ನಿಲ್ದಾಣದ ಎದುರಿನ ಚಹಾದಂಗಡಿಯಲ್ಲಿ ಕುಳಿತು ಹೊಸ ಡಿಸ್ಕ್ ಹಾಕಿದ ಮೊದಲನೆಯ ಸರ್ವರನ್ನು ಮತ್ತೆ ಗುಂಪಿಗೆ ಸೇರಿಸಿದೆ. ಅದು ತಾನಿಲ್ಲದಾಗ ಬಂದ ವರದಿಗಳನ್ನೆಲ್ಲ ಎರಡನೆಯದರಿಂದ ನಕಲು ಮಾಡಿಕೊಂಡು ಸುಮ್ಮನೆ ನಿಂತಿತು. ಆ ದಿನ ಎಲ್ಲಿಯೂ ಒಂದು ವರದಿಯೂ ತಡವಾಗಲಿಲ್ಲ.

ಆದರೂ ಮನಸ್ಸಿನಲ್ಲಿ ಒಂದು ಮುಳ್ಳು ಉಳಿದಿತ್ತು. ನಾನು ಹೇಳದಿದ್ದರೆ ಆ ತಪ್ಪು ಯಾರಿಗೂ ತಿಳಿಯುವಂತಿರಲಿಲ್ಲ. ಮರುದಿನ ಬೆಳಗ್ಗೆ ಕರೆಂಟ್ ಇರುವಾಗಲೇ ತಂಡದ ಎಲ್ಲರಿಗೂ ಪತ್ರ ಬರೆದೆ: ಸೋಮವಾರ ಕ್ಲಸ್ಟರನ್ನು ಮೇಂಟೆನೆನ್ಸ್ ಮೋಡಿನಲ್ಲಿ ಇಟ್ಟು ಬಿಡಿಸಲು ಮರೆತದ್ದು ನಾನು, ಮಂಗಳವಾರ ಮಧ್ಯಾಹ್ನದ ತನಕ ಅದಕ್ಕೆ ಕಾವಲೇ ಇರಲಿಲ್ಲ. ಇನ್ನು ಮುಂದೆ ಹಾಗೆ ಒಂದು ಗಂಟೆಗಿಂತ ಹೆಚ್ಚು ಹೊತ್ತು ಇದ್ದರೆ ತಾನೇ ಕೂಗಿ ಹೇಳುವ ಒಂದು ಚಿಕ್ಕ ಪ್ರೋಗ್ರಾಮ್ ಬರೆದಿದ್ದೇನೆ, ಯಾರಾದರೂ ನೋಡಿಕೊಡಿ ಎಂದು.

ಬೈಗುಳ ಬರುತ್ತದೆಂದು ಕಾದೆ. ಮೊದಲು ಒಬ್ಬ ಹುಡುಗಿಯ ಉತ್ತರ ಬಂತು: ತಾನೂ ಹಿಂದೊಮ್ಮೆ ಇಡೀ ವಾರ ಹಾಗೆಯೇ ಬಿಟ್ಟಿದ್ದೆ, ಹೇಳಲು ಹೆದರಿಕೆಯಾಗಿತ್ತು ಎಂದು. ಆಮೇಲೆ ಇನ್ನಿಬ್ಬರು ತಮ್ಮ ತಮ್ಮ ಕಥೆ ಬರೆದರು. ಸಂಜೆಯ ಹೊತ್ತಿಗೆ, ನನ್ನ ರಾಜೀನಾಮೆ ಹಿಂದಿರುಗಿಸಿದ ಹಿರಿಯರು ಎಲ್ಲರಿಗಿಂತ ಉದ್ದದ ಪತ್ರ ಬರೆದರು. ತಮ್ಮ ಮೊದಲ ನೌಕರಿಯಲ್ಲಿ, ತಪ್ಪಾದ ಯಂತ್ರವನ್ನು ಬಂದ್ ಮಾಡಿ, ಅದನ್ನು ಎಬ್ಬಿಸಲು ಊರ ಇನ್ನೊಂದು ತುದಿಗೆ ಮಳೆಯಲ್ಲಿ ಸೈಕಲ್ ತುಳಿದುಕೊಂಡು ಹೋಗಿದ್ದ ಕಥೆ. ಅದನ್ನು ನಾನು ಅತ್ತೆಗೆ ಓದಿ, ಕನ್ನಡದಲ್ಲಿ ಹೇಳಿದೆ. ಅವರು ಅಕ್ಕಿ ಹಸನು ಮಾಡುತ್ತಿದ್ದ ಮೊರವನ್ನು ಕೆಳಗಿಟ್ಟು ಪೂರ್ತಿ ಕೇಳಿದರು.

"ಮಳ್ಯಾಗ ಹೋದ್ರ?" ಅಂದರು. "ತಪ್ಪ ಮಾಡಿದವ್ರೆಲ್ಲಾ ಒಂದ ಕಡೆ ಕೆಲಸಕ್ಕ ಅದೀರಿ, ಹಂಗಾರ ಚಲೋ ಆತು."