ಬೀಗರಿಗೆ ಬಡಿಸಿದ ಗೋಬಿ

2003ನೇ ಇಸವಿ. ಶಿವರಾತ್ರಿಗೆ ಇನ್ನೆರಡು ವಾರವಿತ್ತು. ನಾನು ಮದುವೆಯಾಗಿ ಮೈಸೂರಿನ ಗೋಕುಲಂಗೆ ಬಂದು ಮೂರು ವರ್ಷವಾಗಿತ್ತು. ನಮ್ಮದು ಲಿಂಗಾಯತರ ಮನೆ. ಮಾಂಸದ ಮಾತಿರಲಿ, ಮೊಟ್ಟೆ ಕೂಡ ನಮ್ಮ ಗೇಟು ದಾಟಿ ಒಳಗೆ ಬಂದಿದ್ದಿಲ್ಲ. ಮಹಡಿಯ ಮೇಲಿನ ರೂಮನ್ನು ಯೋಗ ಕಲಿಯಲು ಬರುವ ವಿದೇಶದವರಿಗೆ ಬಾಡಿಗೆಗೆ ಕೊಡುತ್ತಿದ್ದೆವು. ಅವರಿಗೆಲ್ಲ ನಮ್ಮ ಅತ್ತೆಯ ಷರತ್ತು ಒಂದೇ: ಮನೆಯಲ್ಲಿ ಮಾಂಸ ಬೇಯಿಸಕೂಡದು.

ಆಗ ಮಹಡಿಯಲ್ಲಿದ್ದವಳು ಕೊರಿಯಾದ ಹುಡುಗಿ ಸುಜಿನ್. ಅತ್ತೆ ಅವಳನ್ನು ಸುಜಾತಾ ಎಂದೇ ಕರೆಯುತ್ತಿದ್ದರು, ಅವಳೂ ಓಗೊಡುತ್ತಿದ್ದಳು. ಎಂಟು ತಿಂಗಳು ಅನ್ನ, ಸಾರು, ಪಲ್ಯ ತಿಂದುಕೊಂಡು ತುಟಿ ಪಿಟಕ್ಕೆನ್ನದೆ ಇದ್ದ ಹುಡುಗಿ. ನನ್ನ ಗಂಡ ಊರಲ್ಲಿಲ್ಲದಾಗ ನನಗೆ ಟೈಫಾಯ್ಡ್ ಬಂದರೆ, ಆಟೋದಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಓಡಿದವಳು ಅವಳೇ. ಊರಿಗೆ ವಾಪಸು ಹೊರಡುವ ವಾರ ನನ್ನ ಹತ್ತಿರ ಬಂದು, ತನಗೆ ಬರುವಷ್ಟು ಇಂಗ್ಲಿಷಿನಲ್ಲಿ, ಯೋಗದ ಗೆಳತಿಯರಿಬ್ಬರಿಗೆ ತಮ್ಮ ದೇಶದ ರೀತಿಯಲ್ಲಿ ಕೋಳಿ ಕರಿದು ಕೊಡುವ ಆಸೆಯಿದೆ, ಒಂದೇ ಒಂದು ಸಲ ಎಂದು ಕೇಳಿದಳು. ಆಗದು ಎನ್ನಲು ನನಗೆ ಬಾಯಿ ಬರಲಿಲ್ಲ. ಭಾನುವಾರ ನನ್ನ ಗಂಡ ಊರಲ್ಲಿರುವುದಿಲ್ಲ, ಅತ್ತೆ ಮಠಕ್ಕೆ ಹೋದರೆ ಬರುವುದು ಸಂಜೆ. ಅಷ್ಟರಲ್ಲಿ ಮಹಡಿಯಲ್ಲೇ ಮುಗಿಸಿಬಿಡು ಎಂದೆ.

ಭಾನುವಾರ ಬೆಳಿಗ್ಗೆ ಮಂಡಿ ಮೊಹಲ್ಲಾಕ್ಕೆ ಹೋಗಿ ಮೂಳೆ ತೆಗೆಸಿದ ಕೋಳಿ ತಂದಳು. ನಾನೂ ನನ್ನ ನಾದಿನಿ ಪ್ರಭಾನೂ ಮೂಗಿಗೆ ಸೆರಗು ಮುಚ್ಚಿಕೊಂಡು ಅವಳ ಬಾಗಿಲಲ್ಲಿ ನಿಂತು ನೋಡಿದೆವು. ನೋಡಬಾರದು ಎನ್ನುವುದನ್ನು ನೋಡುವ ಚಪಲ ಯಾರಿಗಿಲ್ಲ? ಶುಂಠಿ, ಬೆಳ್ಳುಳ್ಳಿ, ಮೆಣಸು ಹಚ್ಚಿಟ್ಟ ತುಂಡುಗಳನ್ನು ಕಾರ್ನ್‌ಫ್ಲೋರಿನಲ್ಲಿ ಹೊರಳಿಸಿ ಎಣ್ಣೆಗೆ ಬಿಟ್ಟಳು. ತುಸು ಬಣ್ಣ ತಿರುಗುತ್ತಲೇ ತೆಗೆದು ಆರಲು ಹಾಕಿದಳು. ಆಯಿತಾ ಎಂದರೆ ಇಲ್ಲವಂತೆ, ಇನ್ನೊಂದು ಸಲ ಕಾದ ಎಣ್ಣೆಯಲ್ಲಿ ಕರಿಯಬೇಕಂತೆ. ಮೊದಲ ಸಲ ಬೇಯುವುದಕ್ಕೆ, ಎರಡನೆಯದು ಗರಿಗರಿಯಾಗುವುದಕ್ಕೆ.

ಆ ಎರಡನೆಯ ಸಲಕ್ಕೆ ಒಲೆ ಹಚ್ಚುವಾಗ ಅವಳ ಸಣ್ಣ ಸಿಲಿಂಡರು ಖಾಲಿಯಾಯಿತು. ಹುಡುಗಿ ಮುಖ ಸಣ್ಣದು ಮಾಡಿಕೊಂಡು ನೆಲದ ಮೇಲೆ ಕುಳಿತುಬಿಟ್ಟಳು. ನನಗೆ ಅದೆಲ್ಲಿತ್ತೋ ದುರ್ಬುದ್ಧಿ, ಕೆಳಗೆ ನಮ್ಮ ಒಲೆಯ ಮೇಲೆ ಕರಿದುಕೋ ಎಂದುಬಿಟ್ಟೆ. ಪ್ರಭಾ ನನ್ನ ತೋಳು ಚಿವುಟಿದಳು. ಹತ್ತು ನಿಮಿಷದ ಕೆಲಸ, ಯಾರಿಗೆ ಗೊತ್ತಾಗುತ್ತದೆ ಎಂದು ಅವಳ ಬಾಯಿ ಮುಚ್ಚಿಸಿದೆ.

ಬಾಣಲೆ, ತಟ್ಟೆ ಎಲ್ಲ ಅವಳದೇ. ಒಲೆ ಮಾತ್ರ ಅತ್ತೆಯದು, ದಿನಾ ಪೂಜೆಯ ಮುಂಚೆ ಒರೆಸಿ ವಿಭೂತಿ ಹಚ್ಚುವ ಒಲೆ. ಕಳ್ಳನ ಮನಸ್ಸು ಹುಳ್ಳುಳ್ಳಗೆ ಅಂತಾರಲ್ಲ, ನಾನು ಒಂದು ಕಟ್ಟು ಊದುಬತ್ತಿ ಹಚ್ಚಿ ಮನೆಯ ಮೂಲೆ ಮೂಲೆಗೂ ಸಿಕ್ಕಿಸಿದೆ. ಸುಜಿನ್ ಕರಿದು ತೆಗೆದಳು. ಊರಿಂದ ತಂದಿದ್ದ ಕೆಂಪು ಮೆಣಸಿನ ಗೊಜ್ಜಿಗೆ ಬೆಲ್ಲ, ಬೆಳ್ಳುಳ್ಳಿ ಸೇರಿಸಿ ಕುದಿಸಿ, ತುಂಡುಗಳನ್ನು ಅದರಲ್ಲಿ ಹೊರಳಿಸಿ, ಮೇಲೆ ಎಳ್ಳು ಉದುರಿಸಿದಳು. ಕೆಂಪಗೆ ಮಿರಿಮಿರಿ ಮಿಂಚುತ್ತಿತ್ತು. ರಸ್ತೆ ಬದಿಯ ಗಾಡಿಯಲ್ಲಿ ಮಾರುವ ಗೋಬಿ ಮಂಚೂರಿ ಥರಾನೇ ಇದೆಯಲ್ಲ ಎಂದು ಪ್ರಭಾ ನಕ್ಕಳು. ನಾನೂ ನಕ್ಕೆ.

ಅಷ್ಟರಲ್ಲಿ ಗೇಟಿನ ಸದ್ದಾಯಿತು. ಕಿಟಕಿಯಿಂದ ನೋಡಿದರೆ ಅತ್ತೆ! ಅವರ ಹಿಂದೆ ಒಬ್ಬ ಹಿರಿಯರು, ಅವರ ಹೆಂಡತಿ, ಒಬ್ಬ ಯುವಕ. ಪ್ರಭಾಳನ್ನು ನೋಡಲು ಮುಂದಿನ ಭಾನುವಾರ ಬರಬೇಕಾಗಿದ್ದವರು. ಗುಂಡ್ಲುಪೇಟೆಯ ಕಡೆಯವರು, ಯಾರದೋ ಮದುವೆಗೆ ಬಂದವರು ಮಠದಲ್ಲಿ ಅತ್ತೆಗೆ ಸಿಕ್ಕಿದ್ದಾರೆ. ಹೇಗೂ ಮೈಸೂರಿಗೆ ಬಂದಾಗಿದೆ, ಹೆಣ್ಣು ನೋಡುವ ಶಾಸ್ತ್ರವನ್ನೂ ಮುಗಿಸಿಕೊಂಡು ಹೋಗೋಣ ಎಂದು ಜೊತೆಯಲ್ಲೇ ಹೊರಟು ಬಂದಿದ್ದಾರೆ.

ಸುಜಿನ್ ಕಾದ ಬಾಣಲೆಯನ್ನು ಬಟ್ಟೆಯಲ್ಲಿ ಹಿಡಿದು ಹಿತ್ತಲ ಒಗೆಯುವ ಕಲ್ಲಿನ ಮೇಲಿಟ್ಟು, ಹಿಂದಿನ ಮೆಟ್ಟಿಲು ಹತ್ತಿ ಮೇಲಕ್ಕೆ ಓಡಿದಳು. ಕೋಳಿಯ ತಟ್ಟೆಯನ್ನು ಕೊಂಡೊಯ್ಯಲು ಅವಳಿಗೆ ಕೈಯೂ ಇರಲಿಲ್ಲ, ಹೊತ್ತೂ ಇರಲಿಲ್ಲ. ನಾನು ಅದಕ್ಕೊಂದು ಮುಚ್ಚಳ ಹಾಕಿ ಹಿಟ್ಟಿನ ಡಬ್ಬಿಗಳ ಹಿಂದೆ ತಳ್ಳಿದೆ. ಅತ್ತೆ ಒಳಗೆ ಬಂದವರೇ, ಇಷ್ಟೊಂದು ಊದುಬತ್ತಿ ಯಾಕೆ ಎಂದು ಕೇಳಿದರು. ಉತ್ತರಕ್ಕೂ ಕಾಯದೆ, ಹೋಗಿ ಪ್ರಭಾಗೆ ಸೀರೆ ಉಡಿಸು, ಕಾಫಿ ನಾನು ನೋಡಿಕೊಳ್ಳುತ್ತೇನೆ ಎಂದರು. ಕಾಫಿ ನಾನೇ ಮಾಡುತ್ತೇನೆ ಅತ್ತೆ ಎಂದು ಎರಡು ಸಲ ಹೇಳಿದೆ. ಗದರಿಸಿ ಕಳಿಸಿದರು.

ರೂಮಿನಲ್ಲಿ ಸೀರೆಯ ನೆರಿಗೆ ಹಿಡಿಯುತ್ತಿದ್ದಾಗ ಹಾಲಿನಲ್ಲಿ ಸ್ಟೀಲ್ ತಟ್ಟೆಗಳ ಸದ್ದು ಕೇಳಿಸಿತು. ಬಿಸ್ಕತ್ತು ಇಟ್ಟಿರಬೇಕು ಅಂದುಕೊಂಡೆ. ಅತ್ತೆ ರೂಮಿನ ಬಾಗಿಲಿಗೇ ತಂದುಕೊಟ್ಟ ಕಾಫಿಯ ಟ್ರೇಯನ್ನು ಪ್ರಭಾಳ ಕೈಗೆ ಕೊಟ್ಟು, ಅವಳ ಹಿಂದೆ ಹಾಲಿಗೆ ಬಂದೆ.

ಮೂರು ತಟ್ಟೆ. ಮೂರರಲ್ಲೂ ಎಳ್ಳು ಉದುರಿಸಿದ ಕೆಂಪು ತುಂಡುಗಳು. ಅತ್ತೆ ನನ್ನನ್ನು ನೋಡಿ, "ಎಂಥಾ ಗೋಬಿ ಮಾಡಿ ಬಚ್ಚಿಟ್ಟಿದ್ದೀಯಲ್ಲೇ, ಬೀಗರು ಬಂದಾಗ ತೆಗೀಬಾರ್ದಾ?" ಎಂದು ಹೆಮ್ಮೆಯಿಂದ ನಕ್ಕರು. ಹುಡುಗನ ತಂದೆ ನಿವೃತ್ತ ಮೇಷ್ಟ್ರು. ಹಣೆ ತುಂಬ ವಿಭೂತಿ, ಕೊರಳಲ್ಲಿ ಬೆಳ್ಳಿಯ ಕರಡಿಗೆಯಲ್ಲಿ ಲಿಂಗ. ಅವರ ತಟ್ಟೆಯಲ್ಲಿ ಒಂದೇ ತುಂಡು ಉಳಿದಿತ್ತು. ಏನು ಗರಿ, ಏನು ರುಚಿ, ಹೀಗೆ ಎಲ್ಲೂ ತಿಂದಿಲ್ಲ ಎನ್ನುತ್ತಿದ್ದರು. ಅವರ ಹೆಂಡತಿ ಆಗಷ್ಟೇ ಚಮಚ ಕೈಗೆತ್ತಿಕೊಂಡಿದ್ದರು.

ತಿನ್ನಬೇಡಿ ಎನ್ನಬೇಕಿತ್ತು. ಒಂದೇ ಮಾತು. ಹೇಳಿದರೆ ಪ್ರಭಾಳ ಸಂಬಂಧ ಅಲ್ಲಿಗೆ ಮುಗಿಯಿತು, ಈ ಮನೆಯಲ್ಲಿ ನನ್ನ ಬಾಳೂ ಮುಗಿಯಿತು. ಹೇಳದಿದ್ದರೆ ಆ ತಾಯಿ ನನ್ನ ಕಣ್ಣೆದುರೇ ತಿನ್ನುತ್ತಾರೆ. ನನ್ನ ಬಾಯಿಗೆ ಬೀಗ ಬಿದ್ದಿತ್ತು. ಪ್ರಭಾಳ ಟ್ರೇಯಲ್ಲಿ ಲೋಟಗಳು ಗಡಗಡ ಎನ್ನುತ್ತಿದ್ದವು. ಹುಡುಗಿಗೆ ನಾಚಿಕೆ ಎಂದು ಅತ್ತೆ ಸಮಾಧಾನ ಹೇಳಿದರು.

ಆಗ ಹುಡುಗ, ಮಹೇಶ ಅಂತ ಹೆಸರು, ಒಂದು ತುಂಡು ಬಾಯಿಗೆ ಹಾಕಿಕೊಂಡ. ಎರಡು ಸಲ ಅಗಿದು ನಿಲ್ಲಿಸಿದ. ತಲೆಯೆತ್ತಿ ನೇರವಾಗಿ ನನ್ನ ಮುಖ ನೋಡಿದ. ನಾನು ಬಿಳಿಚಿಕೊಂಡಿರಬೇಕು. ಬಾಯಲ್ಲಿದ್ದುದನ್ನು ನುಂಗಿ, ತಾಯಿಯ ಕೈಯಿಂದ ತಟ್ಟೆ ತೆಗೆದುಕೊಂಡು, "ಅಮ್ಮ, ಬಲು ಖಾರ ಇದು, ನಿಂಗೆ ಹೊಟ್ಟೆ ಉರಿಯುತ್ತೆ, ಬೇಡ" ಎಂದ. ಅಪ್ಪನ ತಟ್ಟೆಯಲ್ಲಿ ಉಳಿದಿದ್ದ ಒಂದನ್ನೂ ತಮಾಷೆ ಮಾಡುವವನಂತೆ ಕಸಿದು ತಾನೇ ತಿಂದ. ಮೂರು ತಟ್ಟೆಯದನ್ನೂ ಅವನೊಬ್ಬನೇ ಖಾಲಿ ಮಾಡಿದ. ಹುಡುಗನಿಗೆ ಒಳ್ಳೆ ಹಸಿವು ಎಂದು ಅತ್ತೆಗೆ ಖುಷಿಯೋ ಖುಷಿ.

ಹೊರಡುವಾಗ ಗೇಟಿನ ಹತ್ತಿರ ಅವನು ತಗ್ಗಿದ ದನಿಯಲ್ಲಿ ಹೇಳಿದ: "ಅಕ್ಕ, ಹಾಸ್ಟೆಲಲ್ಲಿ ಓದ್ದೋನು ನಾನು, ಬಾಯಿಗಿಟ್ಟ ತಕ್ಷಣ ಗೊತ್ತಾಯ್ತು. ಅಪ್ಪ ಆಗ್ಲೇ ಎರಡು ತಿಂದ್ಬುಟ್ಟಿದ್ರು. ನಾನೂ ಹೇಳಲ್ಲ, ನೀವೂ ಹೇಳ್ಬೇಡಿ."

ಆವತ್ತು ಅಡುಗೆಮನೆಯನ್ನು ಮೂರು ಸಲ ತೊಳೆದೆ. ಆ ತಟ್ಟೆಗಳನ್ನು ಪಾತ್ರೆ ಅಂಗಡಿಗೆ ಹಾಕಿ ಬೇರೆ ತಂದೆ. ಸುಜಿನ್ ವಿಷಯ ತಿಳಿದು ಬಾಯಿಗೆ ಕೈ ಇಟ್ಟುಕೊಂಡು ಅತ್ತಳು, ವಾರದೊಳಗೆ ಊರಿಗೆ ಹೋದಳು. ಪ್ರಭಾ ಮಹೇಶನನ್ನು ಬಿಟ್ಟು ಬೇರೆಯವರು ಬೇಡವೆಂದಳು. ಮೇ ತಿಂಗಳಲ್ಲಿ ಮದುವೆಯಾಯಿತು.

ಕಥೆ ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಮೇಷ್ಟ್ರು ನಮ್ಮ ಮನೆಗೆ ಬಂದಾಗಲೆಲ್ಲ ಆವತ್ತಿನ ಗೋಬಿ ಮಾಡಮ್ಮ ಎನ್ನುತ್ತಿದ್ದರು. ನಾನು ಹೂಕೋಸನ್ನು ಎರಡೆರಡು ಸಲ ಕರಿದು, ಗೊಜ್ಜು ಹಾಕಿ ಕೊಡುತ್ತಿದ್ದೆ. ಪಾಪ, ತಿಂದು ಹೊಗಳುತ್ತಿದ್ದರು. ಎರಡು ವರ್ಷ ಹೀಗೇ ನಡೆಯಿತು. ಒಂದು ಮಧ್ಯಾಹ್ನ ಅತ್ತೆ ಒಳಗೆ ಮಲಗಿದ್ದಾಗ ಅವರು ತಟ್ಟೆ ಕೆಳಗಿಟ್ಟು, "ಇದೂ ಚೆನ್ನಾಗದೆ ಕಣಮ್ಮ. ಆದ್ರೆ ಅವತ್ತಿನ ರುಚಿ ಬರ್ಲಿಲ್ಲ ನೋಡು" ಎಂದರು. ನನಗೆ ಇನ್ನು ತಡೆಯಲಾಗಲಿಲ್ಲ.

"ಮೇಷ್ಟ್ರೇ, ಅವತ್ತು ನೀವು ತಿಂದಿದ್ದು ಗೋಬಿ ಅಲ್ಲ. ಕೋಳಿ."

ಅವರ ಕೈ ಎದೆಯ ಮೇಲಿನ ಕರಡಿಗೆಗೆ ಹೋಯಿತು. ನಾನು ನಡೆದದ್ದೆಲ್ಲವನ್ನೂ, ನಾನು ಬಾಯಿ ಬಿಡದೆ ನಿಂತದ್ದನ್ನೂ ಹೇಳಿ ಕಾಲು ಹಿಡಿದೆ. ಬೈಯಲಿಲ್ಲ, ಏಳು ಎಂದೂ ಅನ್ನಲಿಲ್ಲ. ಕೊನೆಗೆ, ನಿಮ್ಮತ್ತೆಗೆ ಗೊತ್ತಾ ಎಂದು ಕೇಳಿದರು. ಇಲ್ಲ ಎಂದೆ.

"ಹೇಳ್ಬೇಡ. ತನ್ನ ಕೈಯಾರೆ ಬಡಿಸ್ದೆ ಅಂತ ಗೊತ್ತಾದ್ರೆ, ಆ ತಾಯಿ ಇರೋವರ್ಗೂ ನೆಮ್ಮದಿಯಾಗಿ ಊಟ ಮಾಡಲ್ಲ."

ಎದ್ದು ನಲ್ಲಿಯಲ್ಲಿ ಕೈ, ಬಾಯಿ ತೊಳೆದುಕೊಂಡು ಹೊರಟರು. ಆಮೇಲೆ ಒಂದು ತಿಂಗಳು, ಏನೋ ಹರಕೆ ಎಂದು ಹೇಳಿ ಅವರು ದಿನಕ್ಕೆ ಒಂದೇ ಹೊತ್ತು ಉಂಡರೆಂದು ಪ್ರಭಾಳಿಂದ ತಿಳಿಯಿತು.

ಅತ್ತೆ ಕಳೆದ ವರ್ಷ ಏನೂ ತಿಳಿಯದೆ ತೀರಿಕೊಂಡರು. ಅದಕ್ಕೇ ಇದನ್ನು ಬರೆಯುವ ಧೈರ್ಯ ಬಂದಿದೆ. ಮೇಷ್ಟ್ರು ಈಗಲೂ ಬರುತ್ತಾರೆ, ಮೊದಲಿನಷ್ಟೇ ಪ್ರೀತಿಯಿಂದ ಮಾತಾಡಿಸುತ್ತಾರೆ. ಆದರೆ ಮುಂದೆ ತಟ್ಟೆ ಇಟ್ಟರೆ, ಬರೀ ಉಪ್ಪಿಟ್ಟಾದರೂ ಸರಿ, ತುತ್ತು ಎತ್ತುವ ಮೊದಲು ಒಂದು ಸಲ ನನ್ನ ಮುಖ ನೋಡುತ್ತಾರೆ. ನಾನು "ತಿನ್ನಿ ಮೇಷ್ಟ್ರೇ" ಎಂದ ಮೇಲೆಯೇ ತಿನ್ನುತ್ತಾರೆ.