ನಾನು ಕೇಳದೆ ಬಿಟ್ಟ ಪ್ರಶ್ನೆ

ನಮ್ಮ ದೊಡ್ಡವ್ವನ ಮೈಮೇಲೆ ದೇವರು ಬಂದಾಗ ನಾನು ಅವಳ ನಾಡಿ ಹಿಡಿದು ನೋಡಿದ್ದೇನೆ. ಆಗ ನರ್ಸಿಂಗ್ ಎರಡನೇ ವರ್ಷದಲ್ಲಿದ್ದೆ. ಕುಣಿದವರ ನಾಡಿ ಜೋರಾಗಿ ಹೊಡೆದುಕೊಳ್ಳುತ್ತದೆ, ಇದರಲ್ಲಿ ದೇವರ ಕೆಲಸ ಏನೂ ಇಲ್ಲ ಎಂದು ನೆರೆದವರ ಮುಂದೆಯೇ ಹೇಳಿ ಬೈಸಿಕೊಂಡೆ. ಮುಂಡಗೋಡದ ಹತ್ತಿರದ ಹಳ್ಳಿಯಲ್ಲಿ, ಪಾಟಿ ಹಿಡಿಯದವರ ಮನೆಯಲ್ಲಿ ಹುಟ್ಟಿ ಡಿಗ್ರಿ ಮುಗಿಸಿದವಳು ನಾನೊಬ್ಬಳೇ. ಅಪ್ಪ ನನ್ನ ಪದವಿ ಪತ್ರಕ್ಕೆ ಲ್ಯಾಮಿನೇಷನ್ ಮಾಡಿಸಿ ದೇವರ ಜಗಲಿಯ ಮೇಲಿಟ್ಟಿದ್ದಾನೆ. ಅಂಥವಳು ಇಂಥದ್ದನ್ನು ಬರೆಯುತ್ತಿದ್ದೇನೆಂದರೆ ನೀವು ನಗಬಹುದು. ಬೇರೆ ಯಾರಾದರೂ ಹೇಳಿದ್ದರೆ ನಾನೂ ನಗುತ್ತಿದ್ದೆ.

ಕೆಲವು ವರ್ಷಗಳ ಹಿಂದಿನ ಮಾತು. ದಾಂಡೇಲಿಯಲ್ಲಿ ತಗಡಿನ ಮಾಡಿನ ಒಂದು ರೂಮಿನಲ್ಲಿ ನಾವು ಮೂವರು ಇದ್ದೆವು. ಶಬಾನಾ ಅದೇ ಊರಿನ ಮೆಕ್ಯಾನಿಕ್ ಒಬ್ಬರ ಮಗಳು; ಮನೆ ತುಂಬ ಮಂದಿ, ಓದಲು ಜಾಗವಿಲ್ಲ ಎಂದು ನಮ್ಮಲ್ಲಿ ಬಂದು ಸೇರಿದ್ದಳು. ಸುಮನ ಅಣಶಿ ಕಡೆಯವಳು, ಮನೆಯಲ್ಲಿ ಕೊಂಕಣಿ. ಜೊಯಿಡಾದಿಂದ ಬಸ್ಸು ನಂಬಿಕೊಂಡು ಡ್ಯೂಟಿ ಮಾಡಲಾಗದೆ ಅವಳೂ ಇಲ್ಲೇ ಉಳಿದಿದ್ದಳು. ಮೂವರೂ ಬೇರೆ ಬೇರೆ ಖಾಸಗಿ ಆಸ್ಪತ್ರೆಗಳಲ್ಲಿ ರಾತ್ರಿ ಪಾಳಿ ಮಾಡುತ್ತಿದ್ದೆವು. ಗಲ್ಫ್ ದೇಶದ ನರ್ಸಿಂಗ್ ಲೈಸೆನ್ಸ್ ಪರೀಕ್ಷೆಗೆ ಕೂಡಬೇಕಿತ್ತು. ಅದಕ್ಕೆ ಎರಡು ವರ್ಷದ ಅನುಭವ ಪತ್ರ ಬೇಕು. ನನ್ನ ಎರಡು ವರ್ಷ ತುಂಬಲು ಹನ್ನೊಂದು ದಿನ ಉಳಿದಿದ್ದವು.

ಓದು ಎಂದರೆ ಬೆಳಗಿನ ಎಂಟಕ್ಕೆ ಕಾರ್ಖಾನೆಯ ಭೋಂಗಾ ಕೂಗಿದ ಮೇಲೆ. ರಾತ್ರಿಯೆಲ್ಲ ನಿಂತ ಕಾಲುಗಳನ್ನು ಗೋಡೆಗೆ ಎತ್ತಿಟ್ಟು ಪುಸ್ತಕ ತೆರೆದರೆ ಎರಡನೇ ಸಾಲಿಗೆ ಕಣ್ಣು ಮುಚ್ಚುತ್ತಿತ್ತು. ಅದಕ್ಕೆ ಶಬಾನಾ ಒಂದು ಆಟ ಕಟ್ಟಿದಳು. ಒಬ್ಬಳು ಚಾಪೆಯ ಮೇಲೆ ಮಲಗಿ ಪುಸ್ತಕದಲ್ಲಿನ ಪೇಶಂಟ್ ಆಗಬೇಕು. ಒಬ್ಬಳು ನರ್ಸ್ ಆಗಿ ಪ್ರಶ್ನೆ ಕೇಳಬೇಕು. ಇನ್ನೊಬ್ಬಳು ಎಲ್ಲವನ್ನೂ ನೋಟಬುಕ್ಕಿನಲ್ಲಿ ಬರೆಯಬೇಕು. ಕೇಳಿದ್ದಕ್ಕಷ್ಟೇ ಪೇಶಂಟ್ ಉತ್ತರ ಕೊಡುವುದು, ಕೇಳದಿದ್ದರೆ ಬಾಯಿ ಬಿಡುವಂತಿಲ್ಲ. ಮುಖ್ಯ ಪ್ರಶ್ನೆ ಮರೆತರೆ ಪೇಶಂಟ್ ಸತ್ತಂತೆ, ಕೊಂದವಳು ಚಹಾ ಮಾಡಬೇಕು. ಆ ರೂಮಿನಲ್ಲಿ ಹೆಚ್ಚು ಚಹಾ ಮಾಡಿದವಳು ನಾನು.

ಆವತ್ತು ನಾನು ಸತತ ಒಂಬತ್ತನೇ ರಾತ್ರಿ ಮುಗಿಸಿ ಬಂದಿದ್ದೆ. ವಾರ್ಡಿನಲ್ಲಿ ಹಳಿಯಾಳ ಕಡೆಯ ಅಜ್ಜ ಒಬ್ಬ ಇದ್ದ, ಹರ್ನಿಯಾ, ಮಧ್ಯಾಹ್ನ ಹನ್ನೆರಡಕ್ಕೆ ಆಪರೇಷನ್. ಮಧ್ಯರಾತ್ರಿಯ ನಂತರ ಹನಿ ನೀರೂ ಕುಡಿಯಬೇಡ ಎಂದು ಅವನಿಗೆ ಹೇಳಿದ್ದೆ. ತಲೆದಿಂಬಿನ ಕೆಳಗೆ ಎಲೆಸಂಚಿ ಇಟ್ಟುಕೊಂಡು ಮಲಗಿದ್ದ. ಬೆಳಗಿನ ಐದಕ್ಕೆ ಆಪರೇಷನ್ನಿನ ಮುಂಚಿನ ಪಟ್ಟಿ ತುಂಬಬೇಕು. ಹಳೆಯ ಕಾಯಿಲೆ, ಈಗ ತೆಗೆದುಕೊಳ್ಳುವ ಗುಳಿಗೆ, ಎಲ್ಲವನ್ನೂ ಪೇಶಂಟಿನ ಬಾಯಿಂದಲೇ ಕೇಳಿ ಟಿಕ್ ಹಾಕಬೇಕು. ಅಜ್ಜ ನಿದ್ದೆಯಲ್ಲಿದ್ದ. ಸಾಲಾಗಿ ಎಲ್ಲದಕ್ಕೂ ‘ಇಲ್ಲ’ ಎಂದು ಟಿಕ್ ಹಾಕಿ ಸಹಿ ಮಾಡಿದೆ. ಕೈ ತಾನಾಗಿ ಮಾಡಿತು ಎಂದು ಹೇಳಿ ಪಾರಾಗಲಾರೆ, ಮಾಡಿದವಳು ನಾನೇ. ರೂಮಿಗೆ ಬಂದು ಈ ವಿಷಯ ಯಾರಿಗೂ ಹೇಳಲಿಲ್ಲ. ಆಸ್ಪತ್ರೆಯ ಮಾತನ್ನು ರೂಮಿಗೆ ತರಬಾರದೆಂದು ನಾವು ಮೊದಲೇ ಮಾತಾಡಿಕೊಂಡಿದ್ದೆವು. ಅವಲಕ್ಕಿ ತಿಂದು ಓದಲು ಕುಳಿತೆ.

ಹತ್ತು ಗಂಟೆಯ ಸುಮಾರಿಗೆ ಶಬಾನಾಳ ಪೇಶಂಟ್ ಪಾಳಿ ಬಂತು. ಪುಸ್ತಕದಲ್ಲಿ ಸಾಲಿನಂತೆ ಬಂದದ್ದು ಹರ್ನಿಯಾ ಆಪರೇಷನ್ನಿಗೆ ತಯಾರಾದ ಗಂಡಸು. ಅದರಲ್ಲಿ ವಿಚಿತ್ರವೇನಿಲ್ಲ, ಹರ್ನಿಯಾ ಇಲ್ಲದ ಪುಸ್ತಕ ಯಾವುದಿದೆ? ಅವಳು ಮೊದಲ ಸಾಲು ಓದಿ, ಪುಸ್ತಕವನ್ನು ಸುಮನಳಿಗೆ ಕೊಟ್ಟು, ದುಪಟ್ಟಾ ಮುಖದ ಮೇಲೆಳೆದುಕೊಂಡು ಮಲಗಿದಳು. ನಾನು ನರ್ಸ್. ಊಟ ಯಾವಾಗ ಮಾಡಿದಿರಿ, ಮೂತ್ರ ಸರಿಯಾಗಿ ಹೋಗುತ್ತದೆಯೇ ಎಂದೆಲ್ಲ ಆಕಳಿಸುತ್ತ ಕೇಳಿದೆ. ಅವಳೂ ಆಕಳಿಸುತ್ತ ಉತ್ತರಿಸಿದಳು. ಆಮೇಲೆ ಬೆಳಿಗ್ಗೆ ಕೇಳದೆ ಬಿಟ್ಟಿದ್ದ ಪ್ರಶ್ನೆಯನ್ನೇ ಕೇಳಿದೆ.

“ಬ್ಯಾರೆ ಗುಳಿಗಿ ಏನರ ತಗೋತೀರೇನ್ರಿ?”

ದುಪಟ್ಟಾದ ಒಳಗೆ ಆಕಳಿಕೆ ನಿಂತಿತು. ಆಮೇಲೆ, “ತಗೋತೇನಿ. ಎದಿಗೆ ಸ್ಪ್ರಿಂಗ್ ಹಾಕಿದಾಗ ಕೊಟ್ಟದ್ದು, ರಕ್ತ ತೆಳಗ ಇರಾಕ. ಎಲಿಸಂಚ್ಯಾಗ ಐತಿ, ಒಳಗಿನ ಕಿಸೆದಾಗ. ಇವತ್ತೂ ಒಂದು ನುಂಗೇನಿ. ನೀ ನೀರ ಕುಡೀಬ್ಯಾಡ ಅಂದಿದ್ದಿ, ಒಣಾದನ್ನ ನುಂಗೇನಿ.”

ದನಿ ಶಬಾನಾಳದ್ದೇ. ಗಂಡಸಿನ ದನಿ ಬಂತು, ಮೈ ನಡುಗಿತು ಎಂದೆಲ್ಲ ನಾನು ಹೇಳುವುದಿಲ್ಲ. ಆದರೆ ಶಬಾನಾಳ ಕನ್ನಡ ಗಡಿಬಿಡಿಯದು, ಎರಡು ಮಾತಿಗೊಂದು ಉರ್ದು ಬೀಳುತ್ತಿತ್ತು. ಇದು ಹೊಲದ ಬದುವಿನ ಮೇಲೆ ಕುಳಿತವರ ನಿಧಾನದ ಮಾತಾಗಿತ್ತು. ಡಾಕ್ಟರಿಗೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಆ ಪ್ರಶ್ನೆ ಪುಸ್ತಕದಲ್ಲಿರಲಿಲ್ಲ.

“ಅವರು ಅಳಿಯನ್ನ ಕೇಳಿದ್ರು. ನನ್ನ ಯಾರೂ ಕೇಳಲಿಲ್ಲ, ಮಗಳ.” ಮತ್ತೆ ಅದೇ ನಿಧಾನದಲ್ಲಿ, “ನಿಂತಲ್ಲೇ ತೂಕಡಸಾಕ ಹತ್ತಿ. ಹೋಗಿ ಮಲ್ಕೋ ಹೋಗು” ಎಂದಳು. ನಾನಾಗ ನೆಲದ ಮೇಲೆ ಕುಳಿತಿದ್ದೆ.

ಸುಮನ ಪುಸ್ತಕ ನೋಡಿ, ಸ್ಪ್ರಿಂಗ್, ಅಂದರೆ ಸ್ಟೆಂಟಿನ ಮಾತು ಇದರಲ್ಲಿ ಎಲ್ಲೂ ಇಲ್ಲವಲ್ಲ, ಶಬಾನಾ ಮೋಸ ಮಾಡುತ್ತಿದ್ದಾಳೆ ಎಂದು ನಕ್ಕಳು. ದುಪಟ್ಟಾ ಸರಿಸಿದರೆ ಶಬಾನಾ ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದಳು. ಬೆಳಗಿನ ಟಿಕ್ಕಿನ ವಿಷಯವನ್ನು ಆಗ ಸುಮನಳ ಮುಂದೆ ಹೇಳಿದೆ. ಫೋನ್ ಮಾಡಿ ಏನೆಂದು ಹೇಳಲಿ? ಗೆಳತಿ ನಿದ್ದೆಯಲ್ಲಿ ಬಡಬಡಿಸಿದಳು, ಆಪರೇಷನ್ ನಿಲ್ಲಿಸಿ ಎಂದೇ? ಕೇಳದೆ ಸಹಿ ಮಾಡಿದ್ದು ಗೊತ್ತಾದರೆ ಅನುಭವ ಪತ್ರ ಮುಗಿಯಿತು. ಹನ್ನೊಂದು ದಿನ ಬಾಯಿ ಮುಚ್ಚಿಕೊಂಡಿದ್ದರೆ ಪರೀಕ್ಷೆ, ಇಲ್ಲದಿದ್ದರೆ ಮತ್ತೆ ಒಂದರಿಂದ ಎಣಿಕೆ. ಇದನ್ನೆಲ್ಲ ಒಂದೇ ಉಸಿರಿಗೆ ಒದರಿದೆ. ಸುಮನ ಪೆನ್ನಿನ ಟೋಪಿ ಹಾಕಿದಳು.

“ಶಬಾನಾನ ಮಾತ ಬಿಡು. ನೀ ಅಜ್ಜನ್ನ ಕೇಳಿದ್ದಿ ಇಲ್ಲೋ? ಅಷ್ಟ ಹೇಳ.”

ಕೇಳಿರಲಿಲ್ಲ. ಫೋನ್ ಮಾಡಿದೆ. ಹಗಲು ಪಾಳಿಯ ಇನ್‌ಚಾರ್ಜ್ ಸಿಸ್ಟರ್ ಎತ್ತಿದರು. ಪಟ್ಟಿಯನ್ನು ಕೇಳದೆ ತುಂಬಿದ್ದೇನೆ, ಅಜ್ಜನನ್ನೇ ಕೇಳಿರಿ, ಎಲೆಸಂಚಿಯ ಒಳಗಿನ ಕಿಸೆ ನೋಡಿರಿ ಎಂದೆ. ಫೋನ್ ಹಾಗೇ ಹಿಡಿದುಕೊಂಡಿರು ಎಂದು ಹೇಳಿ ಅವರು ಹೋದರು. ಆ ಕಡೆಯಿಂದ ಗಾಲಿ ಮಂಚ ಉರುಳುವ ಸಪ್ಪಳ ಕೇಳುತ್ತಿತ್ತು. ತಿರುಗಿ ಬಂದವರು ಇಷ್ಟೇ ಹೇಳಿದರು: ಗುಳಿಗೆ ಸಿಕ್ಕಿದೆ. ಬೆಳಿಗ್ಗೆ ಅಳಿಯ ಚಹಾಕ್ಕೆ ಹೋದಾಗ ಅಜ್ಜ ನೀರಿಲ್ಲದೆ ಒಂದು ನುಂಗಿದ್ದಾನೆ. ಸಂಜೆ ಬಂದು ಬರೆದುಕೊಡು.

ಆ ಗುಳಿಗೆ ಹೊಟ್ಟೆಯಲ್ಲಿರುವಾಗ ಬೆನ್ನಿಗೆ ಸೂಜಿ ಚುಚ್ಚಿ, ಕೊಯ್ದಿದ್ದರೆ ರಕ್ತ ಬೇಗ ನಿಲ್ಲುತ್ತಿರಲಿಲ್ಲ, ಬೆನ್ನುಹುರಿಯ ಹತ್ತಿರ ಹೆಪ್ಪುಗಟ್ಟಿ ಕಾಲೇ ಹೋಗಬಹುದಿತ್ತು. ಆಪರೇಷನ್ ಮುಂದೆ ಹೋಯಿತು. ಅಜ್ಜ ಎಂಟು ಗಂಟೆಯ ಮೇಲೆ ನುಂಗಿದ್ದ. ಆಗ ನಾನು ಆಸ್ಪತ್ರೆಯಲ್ಲೇ ಇರಲಿಲ್ಲ.

ಶಬಾನಾ ಒಂದು ಗಂಟೆಗೆ ಎದ್ದು, ಪೇಶಂಟ್ ಸತ್ತನೋ, ಚಹಾ ಯಾರ ಪಾಳಿ ಎಂದು ಕೇಳಿದಳು. ಮೂತ್ರದ ಪ್ರಶ್ನೆಯವರೆಗೆ ಅವಳಿಗೆ ನೆನಪಿತ್ತು, ಮುಂದಿನದು ಇಲ್ಲ. ನಾವು ಹೇಳಿದಾಗ ಮೊದಲು ನಕ್ಕಳು, ಆಮೇಲೆ ಅತ್ತಳು. ಆ ಆಟವನ್ನು ಮತ್ತೆ ಯಾರೂ ಆಡಲಿಲ್ಲ.

ಸಂಜೆ ಆಸ್ಪತ್ರೆಗೆ ಹೋಗಿ ತಪ್ಪೊಪ್ಪಿಗೆ ಬರೆದುಕೊಟ್ಟೆ. ಅನುಭವ ಪತ್ರ ಸಿಗಲಿಲ್ಲ, ಕೆಲಸವೂ ಉಳಿಯಲಿಲ್ಲ. ಹಳಿಯಾಳದ ಇನ್ನೊಂದು ಆಸ್ಪತ್ರೆಯಲ್ಲಿ ಮತ್ತೆ ಎರಡು ವರ್ಷ ರಾತ್ರಿ ಪಾಳಿ ಮಾಡಿ, ಅವರಿಬ್ಬರೂ ಪಾಸಾಗಿ ಹೋದ ಮೇಲೆ ಒಬ್ಬಳೇ ಓದಿ ಪಾಸಾದೆ. ನೋವಿಲ್ಲ ಎಂದರೆ ಸುಳ್ಳಾಗುತ್ತದೆ.

ಇಷ್ಟಕ್ಕೆ ನಾನೊಂದು ಸಮಾಧಾನ ಹೇಳಿಕೊಂಡಿದ್ದೆ. ಎಲೆಸಂಚಿಯನ್ನು ನಾನು ನೋಡಿದ್ದೆ. ಗುಳಿಗೆಯ ಸ್ಟ್ರಿಪ್ಪೂ ಕಣ್ಣಿಗೆ ಬಿದ್ದಿರಬೇಕು. ನಿದ್ದೆಗೆಟ್ಟ ತಲೆ ಅದನ್ನು ಹೇಗೋ ಶಬಾನಾಳ ಬಾಯಿಂದ ಕೇಳಿದಂತೆ ಮಾಡಿರಬೇಕು. ಆದರೆ ಸುಮನ ಎಚ್ಚರವಿದ್ದಳು. ಅವಳು ಬರೆದ ನೋಟಬುಕ್ ಇಂದಿಗೂ ನನ್ನ ಹತ್ತಿರ ಇದೆ, ಒಂದೊಂದು ಮಾತೂ ಅದರಲ್ಲಿದೆ.

ಮತ್ತೆ ಆ ಸಂಜೆಯದೇ ಇನ್ನೊಂದು ಮಾತಿದೆ. ಹೊರಡುವ ಮುಂಚೆ ಅಜ್ಜನ ಮಂಚದ ಹತ್ತಿರ ಹೋಗಿ, ತಪ್ಪಾಯಿತು, ಬೆಳಿಗ್ಗೆ ನಿಮ್ಮನ್ನು ಕೇಳಬೇಕಿತ್ತು ಎಂದೆ. ಅವನಿಗೆ ಅರ್ಥವಾಗಲಿಲ್ಲ.

“ಕೇಳಿದ್ಯಲ್ಲ ಮಗಳ. ಹತ್ತರ ಸುಮಾರ ಜೋಂಪ ಹತ್ತಿತ್ತು, ನೀ ಬಂದ ಕೇಳಿದಿ, ನಾ ಎಲ್ಲಾ ಹೇಳಿದೆ. ನಿಂತಲ್ಲೇ ತೂಕಡಸಾಕ ಹತ್ತಿದ್ದಿ. ಹೋಗಿ ಮಲ್ಕೋ ಹೋಗು ಅಂದೆ. ಮಲ್ಕೊಂಡೇನು?”

ಇಲ್ಲ ಎಂದು ತಲೆ ಅಲ್ಲಾಡಿಸಿದೆ. ಆ ದಿನ ನಾನು ಮಲಗಿಯೇ ಇರಲಿಲ್ಲ.