ಬಗ್ಗಬೇಡ ಎಂದ ನಾರ್ವೆಯ ಕೋಚು

ಹೋದ ವರ್ಷ ದೀಪಾವಳಿಗೆ ಮೊದಲಿನ ಶನಿವಾರ, ಅಮೆರಿಕದ ಪ್ಲೆಸೆಂಟನ್ನಿನಲ್ಲಿ ನನ್ನ ಮೊಮ್ಮಗಳು ಗೌರಿಯ ಫುಟ್‌ಬಾಲ್ ಫೈನಲ್ ಇತ್ತು. ಅದನ್ನು ಹೇಳಬೇಕಾದರೆ ಮೊದಲು ನನ್ನ ತಪ್ಪು ಹೇಳಬೇಕು.

ಗೌರಿಗೆ ಹದಿನಾಲ್ಕು ವರ್ಷ. ಎತ್ತರ ಆಗಲೇ ಆರು ಅಡಿಯ ಹತ್ತಿರ. ಅದು ನನ್ನಿಂದ ಬಂದದ್ದು. ಗದಗಿನ ನಮ್ಮ ಓಣಿಗೆಲ್ಲ ನಾನೇ ಉದ್ದನೆಯ ಹುಡುಗಿ. ನಮ್ಮ ಮನೆಯವರು ನನಗಿಂತ ನಾಲ್ಕು ಬೆರಳು ಗಿಡ್ಡ. ಮದುವೆಯಲ್ಲಿ ಅಕ್ಕಿಕಾಳು ಬೀಳುವಾಗ ಸೀರೆಯೊಳಗೆ ಮೊಣಕಾಲು ಬಗ್ಗಿಸಿ ನಿಲ್ಲು ಎಂದು ಅವ್ವ ಕಿವಿಯಲ್ಲಿ ಹೇಳಿದಳು. ನಿಂತೆ. ಆಮೇಲೆ ಬೆನ್ನು ಬಗ್ಗಿಸುವುದೂ ರೂಢಿಯಾಯಿತು. ಅದನ್ನೇ ಈ ಹುಡುಗಿಗೂ ಕಲಿಸಿದೆ.

"ಸ್ವಲ್ಪ ಬಗ್ಗಿ ನಡಿಯವ್ವಾ, ನಾಳೆ ಯಾರು ಮಾಡ್ಕೊಂತಾರ ನಿನ್ನ?" ಎಂದು ದಿನಾ ಅನ್ನುತ್ತಿದ್ದೆ. ಕೊನೆಗೆ ಆಟದಲ್ಲೂ ಚೆಂಡು ಮೇಲೆ ಬಂದರೆ ಅವಳು ತಲೆ ತಗ್ಗಿಸತೊಡಗಿದಳು.

ಅವರ ಕೋಚು ನಾರ್ವೆ ದೇಶದವನು. ಆರೂವರೆ ಅಡಿಗೂ ಮಿಕ್ಕಿದ ಆಳು. ಮೊದಲು ಗೋಲು ಹೊಡೆಯುವ ಸ್ಟ್ರೈಕರ್ ಆಗಿದ್ದವನು. ಹೀಗೇ ಬಗ್ಗಿದರೆ ಫೈನಲ್ಲಿನಲ್ಲಿ ಹೊರಗೆ ಕೂರಿಸುತ್ತೇನೆ, ಯಾರು ಕಲಿಸಿದರು ಇದನ್ನು ಎಂದು ಪ್ರಾಕ್ಟೀಸಿನಲ್ಲಿ ಗೌರಿಯನ್ನು ಕೇಳಿದ. ಹುಡುಗಿ ಮೈದಾನದ ಬದಿಗೆ ಕುರ್ಚಿ ಹಾಕಿಕೊಂಡು ಕೂತಿದ್ದ ನನ್ನ ಕಡೆ ನೋಡಿದಳು.

ಅವನು ಬಂದು ನನ್ನ ಕುರ್ಚಿಯ ಪಕ್ಕ ಹುಲ್ಲಿನ ಮೇಲೆ ಕೂತ. ಕೂತರೂ ಅವನ ತಲೆ ನನ್ನ ಹೆಗಲಿಗೆ ಬರುತ್ತಿತ್ತು. ಅವನು ಹೇಳಿದ್ದನ್ನು ಮಗಳು ವೀಣಾ ಕನ್ನಡದಲ್ಲಿ ಹೇಳಿದಳು. ಸಣ್ಣವನಿದ್ದಾಗ ಎಲ್ಲರೂ ಲೈಟಿನ ಕಂಬ ಎಂದು ಕರೆಯುತ್ತಿದ್ದರಂತೆ. ಉದ್ದ ಇದ್ದಾನೆಂದು ಗೋಲು ಕಾಯಲು ನಿಲ್ಲಿಸಿದರಂತೆ. ಕಾಲು ತೊಡರುತ್ತವೆ ಎಂದು ಎರಡು ಕ್ಲಬ್ಬಿನವರು ಮನೆಗೆ ಕಳಿಸಿದರು. ಮೂರನೆಯ ಕ್ಲಬ್ಬಿನಲ್ಲಿ, ಹಿಮ ಬೀಳುತ್ತಿದ್ದ ದಿನ, ಮೊದಲ ಮ್ಯಾಚಿನಲ್ಲೇ ತಲೆಯಿಂದ ಎರಡು ಗೋಲು ಹೊಡೆದ. ಅಲ್ಲಿಂದ ಹದಿನಾಲ್ಕು ವರ್ಷ ಆಡಿದ. ದೇಶಕ್ಕೂ ಆಡಿದ.

"ಅದೆಲ್ಲಾ ಇರ್ಲಿ. ಮದುವಿ ಆಗೇತೇನು ಇವಂದು, ಕೇಳು," ಎಂದೆ.

"ಅವ್ವಾ!" ಎಂದು ವೀಣಾ ಹಣೆ ಚಚ್ಚಿಕೊಂಡಳು. ಆದರೂ ಕೇಳಿದಳು.

ಅವನು ನಕ್ಕು, ಎದೆಯ ಮಟ್ಟಕ್ಕೆ ಕೈ ಹಿಡಿದು ತೋರಿಸಿದ.

"ಹೆಂಡ್ತಿ ಇಷ್ಟ ಎತ್ತರ ಅದಾಳಂತ. ಬೈಬೇಕಂದ್ರ ಸ್ಟೂಲ್ ಹತ್ತತಾಳಂತ. ನಾ ಮಾತ್ರ ಬಗ್ಗಂಗಿಲ್ಲ ಅಂತಾನ," ಎಂದಳು ವೀಣಾ.

ಮನೆಗೆ ಬಂದು ಗೌರಿಗೆ ನನ್ನ ಮದುವೆಯ ಫೋಟೋ ತೋರಿಸಿದೆ, ಮೊಣಕಾಲಿನ ಸಂಗತಿ ಹೇಳಿದೆ.

"ಅಜ್ಜಿ, ಸೀರಿಯಸ್ಲಿ? ಹೋಲ್ ಟೈಮ್ ಹಂಗೇ ನಿಂತಿದ್ರಾ?"

"ಹೂಂ. ಹುಚ್ಚುತನ. ನೀ ಮಾಡಬ್ಯಾಡ."

ಆಮೇಲಿನ ಪ್ರಾಕ್ಟೀಸಿನಲ್ಲಿ ಅವಳು ಬಗ್ಗಲಿಲ್ಲ, ಫೈನಲ್ಲಿನಲ್ಲಿ ಅವಳನ್ನು ಆಡಿಸಿದರು. ಎರಡೂ ಕಡೆ ಒಂದೊಂದು ಗೋಲು. ಆಟ ಮುಗಿಯಲು ಎರಡೇ ನಿಮಿಷ ಇದ್ದಾಗ ಮೂಲೆಯಿಂದ ಚೆಂಡು ಎತ್ತರಕ್ಕೆ ಬಂತು. ಗೌರಿಯ ಕುತ್ತಿಗೆ ಮತ್ತೆ ಒಳಗೆ ಹೋಗತೊಡಗಿದ್ದನ್ನು ಕಂಡು ಕುರ್ಚಿಯಿಂದ ಎದ್ದುಬಿಟ್ಟೆ.

"ಗೌರೀ! ನೆಟ್ಟಗ ನಿಂದ್ರ!"

ಕೂತವರೆಲ್ಲ ನನ್ನ ಕಡೆ ತಿರುಗಿದರು. ಅವರು ತಿರುಗಿದ್ದಕ್ಕೆ ಗೋಲು ನೋಡಲಿಲ್ಲ. ನಾನು ನೋಡಿದೆ. ಹುಡುಗಿ ನೆಟ್ಟಗೆ ಮೇಲಕ್ಕೆ ಜಿಗಿದಳು. ಉಳಿದವರ ತಲೆಗಳು ಅವಳ ಹೆಗಲಿನ ಕೆಳಗೇ ಉಳಿದವು. ಹಣೆಯಿಂದ ಹೊಡೆದ ಚೆಂಡು ಬಲೆಯೊಳಗೆ ಬಿತ್ತು. ಕೋಚು ಎರಡೂ ಕೈ ಎತ್ತಿ ಕುಣಿದ. ಅಷ್ಟು ಎತ್ತರದ ಕುಣಿತವನ್ನು ನಾನು ಎಲ್ಲೂ ಕಂಡಿಲ್ಲ.

ಗೆದ್ದ ಮೇಲೆ ಫೋಟೋ ತೆಗೆದರು. ಒಂದು ಕಡೆ ಗೌರಿ, ಇನ್ನೊಂದು ಕಡೆ ಕೋಚು, ನಡುವೆ ನಾನು. ನನ್ನ ಬೆನ್ನು ಇನ್ನು ನೆಟ್ಟಗಾಗುವುದಿಲ್ಲ. ಆದರೆ ಆ ಫೋಟೋದಲ್ಲಿ ನಾನು ಮೊಣಕಾಲು ಬಗ್ಗಿಸಿಲ್ಲ.